ಹಿತ್ತಾಳೆಯ ರೀಲು, ಮಾವನ ಬಲಗೈ

ಗಾಳದ ರೀಲು ಅರ್ಧ ಸುತ್ತು ತಿರುಗಿ ನಿಂತುಬಿಟ್ಟಿತು. ಸೀತಾರಾಮಯ್ಯನವರು ಹಿಡಿಯನ್ನು ಇನ್ನೊಮ್ಮೆ ತಿರುಗಿಸಲು ನೋಡಿದರು. ಬೆರಳುಗಳು ನಡುಗಿದವೇ ಹೊರತು ರೀಲು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಅದನ್ನು ಮೆಲ್ಲಗೆ ಊಟದ ಮೇಜಿನ ಮೇಲಿಟ್ಟರು.

"ಕಲಾ, ಕೃಷ್ಣರಾಜಂಗೆ ಫೋನ್ ಮಾಡಿ ಬರೋದು ಬೇಡ ಅಂತ ಹೇಳಿಬಿಡಮ್ಮ. ಈ ಕೈ ಕತೆ ಮುಗೀತು."

ಒಗ್ಗರಣೆ ಹಾಕುತ್ತಿದ್ದ ಕಲಾವತಿ ಸೌಟು ಹಿಡಿದೇ ಹೊರಗೆ ಬಂದಳು. ಅಷ್ಟರಲ್ಲಿ ಮಾವ ಕೋಣೆಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದ್ದರು. ದಿನವೂ ಬಲಗೈಯಲ್ಲಿ ಅಮುಕುತ್ತಿದ್ದ ರಬ್ಬರ್ ಚೆಂಡು ಮಂಚದ ಕೆಳಗೆ ಉರುಳಿತ್ತು.

ಹೋದ ನವರಾತ್ರಿಯಲ್ಲಿ ಅವರಿಗೆ ಲಕ್ವ ಹೊಡೆದಿತ್ತು. ಆಯುಧಪೂಜೆಯ ದಿನ ಅವರು ಆಸ್ಪತ್ರೆಯಲ್ಲಿದ್ದರು. ಮನೆಗೆ ಬಂದ ಮೇಲೆ ಹಟ ಹಿಡಿದು ಕೈ ಪಳಗಿಸಿಕೊಂಡರು. ಈಗ ಅನ್ನ ತಾವೇ ಕಲಸಿಕೊಳ್ಳುತ್ತಿದ್ದರು, ಅಂಗಿಯ ಗುಂಡಿ ತಾವೇ ಹಾಕಿಕೊಳ್ಳುತ್ತಿದ್ದರು. ಆದರೆ ಬೀದಿಯ ತಿರುವು ದಾಟಿ ಎಲ್ಲಿಗೂ ಹೋಗಿರಲಿಲ್ಲ. ಪೆರಂಬೂರಿನ ರೈಲ್ವೆ ಕಾರ್ಖಾನೆಯಲ್ಲಿ ಜೊತೆಗೆ ದುಡಿದಿದ್ದ ಕೃಷ್ಣರಾಜ ಎಷ್ಟೋ ಸಲ ಕರೆದು, ಕಡೆಗೆ ಈ ಪೊಂಗಲ್ ರಜೆಯಲ್ಲಿ ಎಣ್ಣೂರಿನ ಹಿನ್ನೀರಿಗೆ ಗಾಳ ಹಾಕಲು ಬರುವಂತೆ ಒಪ್ಪಿಸಿದ್ದರು. ಇವತ್ತು ನಾಲ್ಕು ಗಂಟೆಗೆ ತಮ್ಮ ಅಳಿಯನ ವ್ಯಾನು ತರುತ್ತೇನೆ ಎಂದಿದ್ದರು.

ಕಲಾವತಿ ಫೋನಿನ ಹತ್ತಿರ ಹೋದಳು. ಏನನ್ನಿಸಿತೋ, ಸೌಟು ಕೆಳಗಿಟ್ಟು ರೀಲನ್ನು ಕೈಗೆತ್ತಿಕೊಂಡಳು. ತಿರುಗಿಸಿದಳು. ಅರ್ಧ ಸುತ್ತಿಗೆ ಅವಳ ಕೈಯಲ್ಲೂ ನಿಂತಿತು! ಎರಡೂ ಕೈ ಹಾಕಿ ಒತ್ತಿದಳು. ಇಲ್ಲ. ಅವಳಿಗೆ ನಗು ಬಂದುಬಿಟ್ಟಿತು. ಕೋಣೆಗೆ ಓಡಿದಳು.

"ಮಾವ, ನಂಗೂ ಬರ್ತಿಲ್ಲ! ರೀಲೇ ಬಿಗಿಯಾಗಿದೆ, ನಿಮ್ಮ ಕೈ ಅಲ್ಲ."

"ಸಮಾಧಾನಕ್ಕೆ ಹೇಳ್ಬೇಡ ಕಣಮ್ಮ. ಹಳೇ ಮೂರ್ ಮಾರ್ಕೆಟ್ಟು ಸುಟ್ಟುಹೋಗೋಕೆ ಮುಂಚೆ ಅಲ್ಲಿಂದ ತಂದ ರೀಲದು. ಒಂದು ದಿನ ಕೈಕೊಟ್ಟಿಲ್ಲ. ಕಿರುಬೆರಳಲ್ಲಿ ತಿರುಗ್ತಿತ್ತು."

ಅವರು ತಿರುಗಿಯೂ ನೋಡಲಿಲ್ಲ. ಬಾಯಿಮಾತಿನಲ್ಲಿ ಆಗುವ ಕೆಲಸವಲ್ಲ ಎಂದು ಅವಳಿಗೆ ತಿಳಿಯಿತು. ರೀಲು ತಿರುಗಬೇಕು, ಅವರ ಕೈಯಲ್ಲೇ ತಿರುಗಬೇಕು, ಅದೂ ವ್ಯಾನು ಬರುವುದರೊಳಗೆ. ಇಲ್ಲದಿದ್ದರೆ ಆ ಚೆಂಡು ಮಂಚದ ಕೆಳಗೇ ಉಳಿಯುತ್ತದೆ.

ಗಂಡ ಗಿರಿಧರ್ ಬ್ಯಾಂಕಿನ ಕೆಲಸದ ಮೇಲೆ ಮಧುರೆಗೆ ಹೋಗಿದ್ದ. ಇದ್ದಿದ್ದರೂ ಸುತ್ತಿಗೆ ತಗೊಂಡು ಬರುತ್ತಿದ್ದ. ಕಲಾವತಿ ಹೊಲಿಗೆ ಯಂತ್ರದ ಸ್ಕ್ರೂಡ್ರೈವರ್ ತೆಗೆದಳು. ಬಿಚ್ಚಿದ್ದು ಕಳೆಯಬಾರದು, ಹಿಂದುಮುಂದು ಆಗಬಾರದು ಎಂದು ಇಡ್ಲಿತಟ್ಟೆಯನ್ನು ಪಕ್ಕಕ್ಕಿಟ್ಟುಕೊಂಡು, ಬಿಚ್ಚಿದ ಸರದಿಯಲ್ಲೇ ಒಂದೊಂದು ಗುಳಿಗೆ ಒಂದೊಂದು ಸ್ಕ್ರೂ ಹಾಕುತ್ತ ಹೋದಳು.

"ಅಮ್ಮಾ, ಇಡ್ಲಿಕ್ಕು ಇದು ದಾನ್ ಫಿಲ್ಲಿಂಗಾ?" ಎಂದು ಮಗಳು ವಂದನಾ ಟಿವಿಯಿಂದ ಅರೆಗಳಿಗೆ ಕಣ್ಣು ಕಿತ್ತು ತಮಿಳಿನಲ್ಲಿ ಕೇಳಿದಳು, ಇಡ್ಲಿಗೆ ಇದೇನಾ ಹೂರಣ ಅಂತ.

"ಹೂಂ, ನಾಳೆ ನಿನ್ನ ಪಾಲಿಗೆ ಎರಡು ಸ್ಕ್ರೂ ಜಾಸ್ತಿ. ಎದ್ದು ಕುಕ್ಕರ್ ಆರಿಸು ಹೋಗು."

ಮೊದಲು ಹಿಡಿಯನ್ನು ಕಳಚಿದಳು. ದಾರ ಸುತ್ತುವ ಉರುಳೆ ಆಗಲೂ ಬಿಗಿ. ಹಾಗಾದರೆ ತೊಂದರೆ ಹಿಡಿಯಲ್ಲಿಲ್ಲ. ರೀಲಿನ ಮುಂಬದಿಯ ತಟ್ಟೆ ತೆಗೆದಳು. ಆಗಲೂ ಬಿಗಿ. ಉಳಿದದ್ದು ಹಿಂದಿನ ತಟ್ಟೆ. ಉರುಳೆಯ ನಡುಗಂಬಿಯ ತುದಿ ಆ ತಟ್ಟೆಯ ತೂತಿನೊಳಗೆ ಕೂತು ತಿರುಗಬೇಕು. ಅಲ್ಲೇ ಕಚ್ಚಿಕೊಂಡಿತ್ತು. ಹೊಲಿಗೆ ಯಂತ್ರದ ಎಣ್ಣೆ ಬಿಟ್ಟಳು. ಪ್ರಯೋಜನವಾಗಲಿಲ್ಲ. ಜಿಡ್ಡು ಹೆಪ್ಪುಗಟ್ಟಿರಬೇಕೆಂದು ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟು, ಬೀದಿಗೆ ನೀರು ಹಂಚುವ ಮೆಟ್ರೊ ಲಾರಿ ಬಂದ ಸದ್ದಿಗೆ ಕೊಡ ಹಿಡಿದು ಕೆಳಗೆ ಓಡಿದಳು. ನೀರು ತುಂಬಿಸಿ, ಎಲ್ಲರಿಗೂ ಬಡಿಸಿ ಬಂದು ನೋಡಿದರೆ ಅದು ಹೇಗಿತ್ತೋ ಹಾಗೇ ಇತ್ತು. ಬಟ್ಟೆ ಸುತ್ತಿ, ಹಲ್ಲು ಕಚ್ಚಿ, ತಿರುಚಿ ತಿರುಚಿ ಎಳೆದಾಗ ಉರುಳೆ ಕಡೆಗೂ ಕೈಗೆ ಬಂತು. ಕಂಬಿಯ ತುದಿಯಲ್ಲಿ ಸುಣ್ಣದಂಥ ಗಟ್ಟಿ ಪದರ. ಉಗುರಿಗೂ ಜಗ್ಗದು, ಸೀಮೆಎಣ್ಣೆಗೂ ಜಗ್ಗದು.

ಅಷ್ಟರಲ್ಲಿ ಹಾಲು ಉಕ್ಕಿತು. ಒಲೆ ಆರಿಸಿ, ಕಟ್ಟೆ ಒರೆಸಿ, ಒದ್ದೆ ಕೈಯಲ್ಲೇ ಮತ್ತೆ ಕಂಬಿ ಹಿಡಿದಳು. ಬೆರಳು ಜಾರಿತು. ಗಟ್ಟಿ ಪದರ ನುಣ್ಣಗೆ ಬೆರಳಿಗೆ ಹತ್ತಿತ್ತು. ಮೂಸಿ ನೋಡಿದಳು. ಸೀಮೆಎಣ್ಣೆಯ ನಾತದ ನಡುವೆಯೂ ತಪ್ಪದೆ ಗೊತ್ತಾಯಿತು. ಗಂಧ!

"ಅತ್ತೇ!"

ಹೂ ಕಟ್ಟುತ್ತಿದ್ದ ಅತ್ತೆ ಶಾರದಮ್ಮ ಎದ್ದು ಬಂದರು. "ಏನೇ ಅದು ಕೂಗಾಟ?"

"ಆಯುಧಪೂಜೆ ದಿನ ಮಾವನ ರೀಲಿಗೆ ಗಂಧ ಹಚ್ಚಿದ್ರಾ?"

"ಹಚ್ಚದೇ ಬಿಡ್ತೀನಾ? ಅವರಾದರೆ ಪ್ರತಿ ಸಲ ರೀಲಿನ ಪೆಟ್ಟಿಗೆಗೆ ಒಂದು ಬೊಟ್ಟು ಇಟ್ಟು ಕೈತೊಳ್ಕೋತಿದ್ರು. ಆಸ್ಪತ್ರೆಲಿ ಮಲಗಿದ್ರಲ್ಲ, ಬೇಗ ಏಳಲಿ ಅಂತ ನಾನೇ ಕಲ್ಲಲ್ಲಿ ತೇದು ಜಾಸ್ತೀನೇ ಹಚ್ಚಿದೆ. ಎರಡು ಕಣ್ಣಿತ್ತು ಅದಕ್ಕೆ, ಎರಡಕ್ಕೂ ತುಂಬ ಇಟ್ಟೆ."

ಕಲಾವತಿ ರೀಲಿನ ತಟ್ಟೆಗಳನ್ನು ತಿರುಗಿಸಿ ನೋಡಿದಳು. ಎರಡರಲ್ಲೂ ಎಣ್ಣೆ ಬಿಡಲೆಂದು ಮಾಡಿದ ಪುಟ್ಟ ತೂತು. ಎರಡರ ಬಾಯಲ್ಲೂ ಒಣಗಿದ ಗಂಧ.

"ಅಯ್ಯೋ, ನನ್ನಿಂದ ಕೆಟ್ಟೋಯ್ತೇನೇ?" ಶಾರದಮ್ಮನ ಮುಖ ಸಣ್ಣದಾಯಿತು.

"ಕೆಟ್ಟಿಲ್ಲ ಅತ್ತೆ. ಎಣ್ಣೆಗೆ ಕರಗೋ ಜಿಡ್ಡಲ್ಲ ಇದು, ನೀರಲ್ಲಿ ತೇದದ್ದು. ನೀರಿಗೇ ಬಿಡುತ್ತೆ. ಒಂದು ಚೊಂಬು ಬಿಸಿನೀರು ಕೊಡಿ."

ಬಿಸಿನೀರಿನಲ್ಲಿ ಗಂಧ ತಾನಾಗಿ ಬಿಟ್ಟುಕೊಂಡಿತು. ತೂತುಗಳನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿ, ಬಿಸಿಲಿಗಿಟ್ಟು ಒಣಗಿಸಿ, ತೊಟ್ಟು ಎಣ್ಣೆ ಬಿಟ್ಟಳು. ಕಂಬಿ ತೂತಿನೊಳಗೆ ಬೆಣ್ಣೆಯಂತೆ ಜಾರಿತು. ಇಡ್ಲಿತಟ್ಟೆಯಿಂದ ಸ್ಕ್ರೂಗಳನ್ನು ಆಯ್ದು ಮುಂದಿನ ತಟ್ಟೆ ಕೂರಿಸಿ ಬಿಗಿದಳು. ಹಿಡಿ ಹಾಕಿ ತಿರುಗಿಸಿದಳು.

ಮತ್ತೆ ಬಿಗಿ.

ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಬಿಗಿಯುವ ಮೊದಲು ಸರಾಗವಾಗಿತ್ತಲ್ಲ? ಹಾಗಿದ್ದರೆ ತಪ್ಪಾಗಿದ್ದು ಬಿಗಿಯುವಾಗಲೇ. ಈ ಮನೆಗೆ ಬಂದ ಹೊಸದರಲ್ಲಿ ಕಬ್ಬಿಣದ ಮಂಚ ಜೋಡಿಸುತ್ತಿದ್ದ ಗಿರಿಧರನನ್ನು ಮಾವ ಗದರಿದ್ದು ನೆನಪಾಯಿತು: "ಒಂದನ್ನೇ ಪೂರ್ತಿ ಬಿಗಿದರೆ ವಾಲ್ಕೊಳ್ಳುತ್ತೆ ಕಣೋ. ಎಲ್ಲಾನೂ ಸಡಿಲವಾಗಿ ಹಾಕು, ಆಮೇಲೆ ಎದುರುಬದುರು ಸ್ವಲ್ಪಸ್ವಲ್ಪ ಬಿಗೀತಾ ಬಾ." ಅವಳು ಅವಸರದಲ್ಲಿ ಒಂದೊಂದನ್ನೇ ಕೊನೆಯವರೆಗೆ ಬಿಗಿದಿದ್ದಳು.

ಎಲ್ಲವನ್ನೂ ಸಡಿಲಿಸಿದಳು. ಈ ಸ್ಕ್ರೂ ಚೂರು, ಅದರೆದುರಿನದು ಚೂರು. ನಡುನಡುವೆ ಹಿಡಿ ತಿರುಗಿಸಿ ನೋಡುತ್ತ ಬಂದಳು. ಕಡೆಯ ಸ್ಕ್ರೂ ಕೂತ ಮೇಲೆ ಹಿಡಿಗೆ ಕಿರುಬೆರಳು ತಾಗಿಸಿದಳು. ಕಿರ್ ಕಿರ್ ಎನ್ನುತ್ತ ಉರುಳೆ ಸುತ್ತಿತು, ಬೆರಳು ತೆಗೆದ ಮೇಲೂ ಸುತ್ತಿತು.

ಆ ಸದ್ದಿಗೆ ಕೋಣೆಯೊಳಗಿನ ಮಂಚ ಕಿರುಗುಟ್ಟಿತು. ಅವಳು ಹೋಗುವಷ್ಟರಲ್ಲಿ ಸೀತಾರಾಮಯ್ಯನವರು ಎದ್ದು ಕೂತಿದ್ದರು. ರೀಲನ್ನು ಅವರ ಎಡಗೈಗೆ ಕೊಟ್ಟು, ಬಲಗೈಯನ್ನು ಹಿಡಿಯ ಮೇಲಿಟ್ಟಳು. ಬೆರಳು ಇನ್ನೂ ನಡುಗುತ್ತಿದ್ದವು. ಆದರೂ ರೀಲು ತಿರುಗಿತು. ಒಂದು ಸುತ್ತು, ಇನ್ನೊಂದು. ಅವರು ನಿಲ್ಲಿಸಲೇ ಇಲ್ಲ.

"ಏನಾಗಿತ್ತಮ್ಮ ಇದಕ್ಕೆ?"

ಬಾಗಿಲಲ್ಲಿ ನಿಂತಿದ್ದ ಶಾರದಮ್ಮ ಸೆರಗು ತಿರುಚುತ್ತ ತಾವೇ ಹೇಳಿದರು. ಸೀತಾರಾಮಯ್ಯನವರು ಕೇಳಿ ಹೆಂಡತಿಯನ್ನೇ ನೋಡಿದರು. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕರು. ಎಷ್ಟೋ ತಿಂಗಳಿಂದ ಆ ಮನೆಯಲ್ಲಿ ಕೇಳದ ನಗು.

"ಗಂಧ ಅಲ್ಲ ಮಾರಾಯ್ತಿ, ಸಿಮೆಂಟ್ ಹಾಕಿದ್ದೀಯ! ನನ್ನ ಕೈಗೂ ಹಚ್ಚಿದ್ಯೇನೇ?"

"ನಗಿ, ನಗಿ. ಎದ್ದು ಕೂತಿದ್ದೀರಲ್ಲ, ಗಂಧದ ಪುಣ್ಯ ಅಂದ್ಕೊಳ್ಳಿ."

ಕೆಳಗೆ ಹಾರ್ನ್ ಕೇಳಿಸಿತು. ಸೀತಾರಾಮಯ್ಯನವರು ಸೊಸೆಯ ಕಡೆ ತಿರುಗಿದರು. "ಅವನಿಗೆ ಬರಬೇಡ ಅಂತ ಹೇಳು ಅಂದಿದ್ನಲ್ಲಮ್ಮ?"

"ಮರ್ತೇಹೋಯ್ತು ಮಾವ," ಎಂದಳು ಕಲಾವತಿ.

ಅವರು ಗೋಡೆ ಹಿಡಿದು, ಮೆಟ್ಟಿಲು ನೋಡಿಕೊಂಡು ಇಳಿದರು. ರೀಲು ಬಲಗಂಕುಳಲ್ಲಿತ್ತು. ನಡುವೆ ನಿಂತು ಕೂಗಿದರು: "ಶಾರದಾ, ಹುಣಸೇಹಣ್ಣು ನೆನೆಹಾಕು, ಮೀನು ತರ್ತೀನಿ!"

"ಮೊದಲು ಮೀನು ತನ್ನಿ, ಆಮೇಲೆ ನೋಡೋಣ!"

ವ್ಯಾನು ಹೊರಟ ಸದ್ದು ಬೀದಿಯ ತಿರುವು ದಾಟುವವರೆಗೂ ಕಲಾವತಿ ಬಾಲ್ಕನಿಯಲ್ಲಿ ನಿಂತಿದ್ದಳು. ಆಮೇಲೆ ಒಳಗೆ ಬಂದು, ಬಗ್ಗಿ, ಮಂಚದ ಕೆಳಗಿನ ಚೆಂಡನ್ನು ತೆಗೆದು ಒರೆಸಿ ದಿಂಬಿನ ಪಕ್ಕದಲ್ಲಿಟ್ಟಳು. ಇಡ್ಲಿತಟ್ಟೆಯ ಎಣ್ಣೆ ವಾಸನೆ ಹೋಗಬೇಕಾದರೆ ಸೀಗೆಪುಡಿ ಹಾಕಿ ಕುದಿಸಬೇಕಾಗಿತ್ತು. ಒಲೆ ಹಚ್ಚಿದಳು.