ಸೀಟಿನ ಕೆಳಗೊಂದು ಕೆಂಪು ಗೆರೆ

ಝೂಂ ಅನ್ನುತ್ತಿದೆ, ಎಷ್ಟು ಚೆಂದ ಝೂಂ ಅನ್ನುತ್ತಿದೆ ಹಿಂದಿನ ಚಕ್ರ, ಅಗಲ ರಿಮ್ಮಿನ ಹೊಟ್ಟೆಯೊಳಗೆ ಯಾರೋ ತಂಬೂರಿ ಹಿಡಿದು ಕೂತ ಹಾಗೆ, ಸೋಮಸಮುದ್ರ ದಾಟಿದೆನೇ, ದಾಟಿದೆ, ಒಣಹಾಕಿದ ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದು ಹಿಂದೆ ಹೋಯಿತು, ಮೀಟರಿನಲ್ಲಿ ಮೂವತ್ತೇಳು, ಮೂವತ್ತೇಳೂವರೆ, ನೋಡು ಶೈಲಜಾ, ನಿನ್ನ ವಯಸ್ಸಿಗಿಂತ ಒಂದು ಕಿಲೋಮೀಟರ್ ಜಾಸ್ತಿ ಓಡಿಸುತ್ತಿದ್ದೀಯ, ನಗಬೇಡ, ನಕ್ಕರೆ ಉಸಿರು ಹೋಗುತ್ತದೆ, ಗಲ್ಲ ಕೆಳಗೆ, ಮೊಣಕೈ ಒಳಗೆ, ಇವತ್ತು ಗಾಳಿ ಕೂಡ ನನ್ನ ಕಡೆಗಿದೆ, ಅಂದರೆ ಗಾಳಿಯೇ ಇಲ್ಲ, ರಸ್ತೆ ಬದಿಯ ಜಾಲಿಯಲ್ಲಿ ಒಂದು ಎಲೆ ಅಲುಗುತ್ತಿಲ್ಲ, ಜನವರಿ ತಿಂಗಳ ಭಾನುವಾರದ ಬೆಳಗ್ಗೆ ಬಳ್ಳಾರಿಯಲ್ಲಿ ಇಂಥ ದಿನ ಸಿಗುವುದು ಯಾರ ಪುಣ್ಯವೋ. ಇಪ್ಪತ್ತು ಹೋಗಬೇಕು, ಇಪ್ಪತ್ತು ಬರಬೇಕು, ಊರ ಹೊರಗಿನ ಬೇವಿನಮರದಿಂದ ಕುರುಗೋಡಿನ ಕಡೆಗೆ, ನಿಮಿಷಕ್ಕೊಬ್ಬರಂತೆ ಬಿಟ್ಟಿದ್ದಾರೆ, ಜೊತೆಗಾರರಿಲ್ಲ, ಯಾರ ಬೆನ್ನ ಹಿಂದೆಯೂ ಅಡಗುವಂತಿಲ್ಲ, ನಾನು ಮತ್ತು ಗಡಿಯಾರ ಅಷ್ಟೇ, ಒಂದು ಗಂಟೆ ಎಂಟು ನಿಮಿಷದೊಳಗೆ ತಿರುಗಿ ಬೇವಿನಮರ ಮುಟ್ಟಿದರೆ ಕ್ಲಬ್ಬಿನ ಭೀಮರಾಜ ಸರ್ ರಾಜ್ಯದ ಪಂದ್ಯಕ್ಕೆ ನನ್ನ ಹೆಸರು ಕಳಿಸುತ್ತಾರೆ, ಇಲ್ಲದಿದ್ದರೆ ಮತ್ತೆ ಒಂದು ವರ್ಷ, ಹೋದ ವರ್ಷ ಎರಡು ನಿಮಿಷಕ್ಕೆ ತಪ್ಪಿತು, ಅದರ ಹಿಂದಿನ ವರ್ಷದ ಮಾತು ಬೇಡ, ಆಗ ಈ ಸೈಕಲ್ ಇರಲಿಲ್ಲ, ಈಗ ಇದೆ.

ಇದೆ, ಒಂದೊಂದು ಬೋಲ್ಟೂ ನಾನೇ ಬಿಗಿದದ್ದು, ಎರಡು ವರ್ಷ ಹಿಡಿಯಿತು, ಗಾಳಿ ಸೀಳುವ ಈ ಚಪ್ಪಟೆ ಫ್ರೇಮು ಸೆಕೆಂಡ್ ಹ್ಯಾಂಡ್ ಬಂದಾಗ ಒಳಗೆ ಬಿರುಕಿದ್ದರೇನು ಗತಿ ಎಂದು ಭಯ, ನಾನು ಕೆಲಸ ಮಾಡುವ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿ ನನ್ನ ಎಕ್ಸ್‌ರೇ ಮಷೀನಿನ ಕೆಳಗೇ ಮಲಗಿಸಿದೆ, ಶಶಿಕಾಂತ್ ಡಾಕ್ಟರು ಬಾಗಿಲು ತೆಗೆದು ನೋಡಿ ಪೇಷಂಟ್ ಹೆಸರೇನ್ರಿ ಸಿಸ್ಟರ್, ನಾಷ್ಟಾ ಮಾಡಿ ಬಂದೈತೋ ಇಲ್ಲೋ ಎಂದು ಕೇಳಿ ಒಂದು ವಾರ ಎಲ್ಲರ ಮುಂದೆ ಆಡಿಕೊಂಡು ನಕ್ಕರು, ನಗಲಿ, ಬಿರುಕಿರಲಿಲ್ಲ, ಕಪ್ಪು ಫಿಲ್ಮಿನ ಮೇಲೆ ಎಂಥ ನುಣುಪು ಮೂಳೆ, ಅಪ್ಪ ಅದನ್ನು ಕಿಟಕಿಗೆ ಹಿಡಿದು ಪೊರೆ ಬಂದ ಕಣ್ಣು ಕಿರಿದು ಮಾಡಿ ಇದರಾಗ ಕಬ್ಬಿಣ ಎಲ್ಲೈತವ್ವಾ ಎಂದು ಕೇಳಿದ್ದ. ಬ್ರೂಸ್‌ಪೇಟೆಯ ಸಂದಿಯಲ್ಲಿ ನಲವತ್ತು ವರ್ಷ ಸೈಕಲ್ ಷಾಪು ನಡೆಸಿದ ಗಾದಿಲಿಂಗಪ್ಪ, ಪಾನಾ ತಿರುವಿದರೆ ಎಲ್ಲಿ ನಿಲ್ಲಬೇಕೆಂದು ಮಣಿಕಟ್ಟಿಗೇ ಗೊತ್ತಿದ್ದವನು, ಗ್ರೀಸ್ ಹಾಕಿದ ಮೇಲೆ ಹೆಚ್ಚಾದದ್ದನ್ನು ಹೆಬ್ಬೆರಳಿನಲ್ಲಿ ಒಂದೇ ಸಲ ಬಳಿದು ತೆಗೆಯುತ್ತಿದ್ದವನು, ಆ ಹೆಬ್ಬೆರಳು ಸರ್ರನೆ ಹೋಗುವುದನ್ನು ನೋಡುತ್ತ ಸಾಲಿ ಬಿಟ್ಟ ಮೇಲೆ ಷಾಪಿನ ಕಟ್ಟೆ ಮೇಲೆ ಕೂತಿರುತ್ತಿದ್ದೆ ನಾನು, ಈಗ ಅದೇ ಅಪ್ಪನಿಗೆ ನೀ ಬರೇ ಹಿಡ್ಕೋಪಾ, ಬೋಲ್ಟ್ ಮುಟ್ಟಬ್ಯಾಡ, ಇದು ಕಾರ್ಬನ್, ಜಾಸ್ತಿ ಬಿಗಿದರ ಪಟ್ ಅಂತೈತಿ ಅಂದೆ, ಎರಡು ವರ್ಷ ಹಾಗೇ ಅಂದೆ, ಬಿಗಿ ಎಷ್ಟೆಂದು ಅಂಕಿ ತೋರಿಸುವ ಪಾನಾ ತರಿಸಿದಾಗ ಅವನು ಅದನ್ನು ಕೈಯಲ್ಲಿ ತೂಗಿ ನೋಡಿ ಹಂಗಾದರ ಕೈಗೆ ಕೆಲಸಾನ ಇಲ್ಲ ಅಂದ, ನಾನು ನಕ್ಕೆ. ಕೊನೆಗೆ ಸೀಟಿನ ಎತ್ತರ, ಅದು ಮಿಲಿಮೀಟರ್ ಲೆಕ್ಕ, ಸಿರುಗುಪ್ಪದವರೆಗೆ ನಾಲ್ಕು ಭಾನುವಾರ ಹೊಡೆದು, ಬಸ್ಟ್ಯಾಂಡಿನ ಎದುರು ಮಂಡಕ್ಕಿ ಒಗ್ಗರಣಿ ಮಿರ್ಚಿ ತಿಂದು, ವಾಪಸು ಬಂದು ಅರ್ಧರ್ಧ ಬೆರಳು ಏರಿಸಿ ಇಳಿಸಿ ಸರಿ ಬಂದ ಜಾಗಕ್ಕೆ, ಸೀಟ್ ಪೈಪು ಫ್ರೇಮಿನೊಳಗೆ ಇಳಿಯುವ ತುಟಿಯ ಮೇಲೆಯೇ ನನ್ನ ಕೆಂಪು ನೇಲ್ ಪಾಲಿಶಿನಿಂದ ಒಂದು ಗೆರೆ ಎಳೆದೆ, ಕೂದಲೆಳೆಯಷ್ಟು ಸಣ್ಣ ಗೆರೆ, ಇಷ್ಟಕ್ಕೆ ನಿಲ್ಲು ಎಂದು.

ಕೋಳೂರು ಕ್ರಾಸು, ಚಹಾದಂಗಡಿಯವನು ಕೈ ಎತ್ತಿದ, ಕತ್ತು ಎತ್ತಬೇಡ, ಎತ್ತಿದರೆ ಎದೆಗೆ ಗಾಳಿ, ನಲವತ್ತು, ಅಬ್ಬಾ ನಲವತ್ತು, ಕಾಲುವೆಯ ಪಕ್ಕದ ಇಳಿಜಾರು, ಗದ್ದೆಯ ತಂಪು ಮೊಣಕಾಲಿಗೆ ತಾಗಿ ಹೋಗುತ್ತಿದೆ, ಇಂಥ ಸುಖಕ್ಕೆ ಹೆಸರಿಲ್ಲ, ಹುಚ್ಚಿ ಅಂತಾಳೆ ಅವ್ವ, ಅನ್ನಲಿ, ಬೆಳಗ್ಗೆ ಹ್ಯಾಂಡಲ್ಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದಳು, ಅಷ್ಟು ದುಡಿದು ಸೈಕಲ್ಲನ್ನು ಗಾಳಿಗೆ ಕಾಣದಂತೆ ಮಾಡಿದ ಮೇಲೆ ಮುಂದುಗಡೆ ನಿಂಬೆಹಣ್ಣು, ಓಣಿ ತಿರುವಿನಲ್ಲಿ ಬಿಚ್ಚಿ ಬೆನ್ನಿನ ಜೇಬಿಗೆ ಹಾಕಿಕೊಂಡೆ, ಅಲ್ಲೇ ಇದೆ, ಒತ್ತುತ್ತಿದೆ, ದೃಷ್ಟಿ ತಾಗದಿರಲಿ. ಅಪ್ಪ ಹಣೆಗೆ ವಿಭೂತಿ ಹಚ್ಚಿದ, ಮೂರು ಬೆರಳು, ಬೆರಳಿನಲ್ಲಿ ಏನೋ ವಾಸನೆ, ಯಾವ ವಾಸನೆ, ಇರಲಿ, ಮೀಟರ್ ನೋಡು, ಮೂವತ್ತಾರು, ಯಾಕೆ ಮೂವತ್ತಾರು, ರಸ್ತೆ ಸಮ ಇದೆ, ತೊಡೆ ಉರಿಯುತ್ತಿದೆ, ಇಷ್ಟು ಬೇಗ ಉರಿಯಬಾರದು, ಮೊಣಕಾಲು ಪಕ್ಕೆಗೆ ತಗಲುತ್ತಿದೆ, ಯಾವತ್ತೂ ತಗಲಿಲ್ಲ, ಊಟ ಜಾಸ್ತಿಯಾಯಿತೇ, ರಾತ್ರಿ ಎರಡು ರೊಟ್ಟಿ ಅಷ್ಟೇ, ಹೆದರಿಕೆ ಇರಬೇಕು, ಹೆದರಿದರೆ ಮೈ ಕುಗ್ಗುತ್ತದೆ, ಕುಗ್ಗಬೇಡ, ಅಗೋ ಕುರುಗೋಡಿನ ಗುಡ್ಡ, ಬಂಡೆಗಳ ಮೇಲೆ ಬಿಸಿಲು, ಅಗೋ ಕಿತ್ತಳೆ ಬಣ್ಣದ ಕೋನು, ಅಲ್ಲಿ ತಿರುಗಬೇಕು, ಮೂವತ್ತೆರಡು ನಿಮಿಷ ಐವತ್ತು ಸೆಕೆಂಡು, ಶಭಾಷ್, ಬ್ರೇಕ್, ತಿರುಗು, ನಿಧಾನವಾದ ಆ ಒಂದು ಗಳಿಗೆ ತಲೆ ಬಗ್ಗಿಸಿ ತೊಡೆಗಳ ನಡುವೆ ನೋಡಿದೆ.

ಗೆರೆ ಇಲ್ಲ. ಮತ್ತೆ ನೋಡಿದೆ, ಇಲ್ಲ, ಫ್ರೇಮಿನ ತುಟಿ ಇದೆ, ಮೇಲೆ ಕಪ್ಪು ಪೈಪಿದೆ, ಕೆಂಪು ಗೆರೆ ಒಳಗೆ ಹೋಗಿದೆ, ಎರಡು ಬೆರಳು ಕುಸಿದಿದೆ ಸೀಟು, ತುಟಿಯ ಸುತ್ತ ಹಳದಿಗೆ ಮಿರುಗುವುದೇನು, ಗ್ರೀಸ್, ನನ್ನ ಸೈಕಲ್ಲಿಗೆ ಗ್ರೀಸ್ ಯಾರು ಹಾಕಿದರು, ಯಾವನ ಕೈ ಸೇದಿಹೋಗ, ಶುಕ್ರವಾರ ನಾನೇ ಹಚ್ಚಿದ್ದೆನಲ್ಲ ಕಾರ್ಬನ್ನಿಗೆಂದೇ ಬರುವ ಪೇಸ್ಟು, ಬೆರಳಿಗೆ ಉಸುಕಿನ ಹಾಗೆ ತಾಗುವ ಪೇಸ್ಟು, ಆ ಉಸುಕೇ ಪೈಪನ್ನು ಕಚ್ಚಿ ಹಿಡಿದು ಜಾರದ ಹಾಗೆ ನಿಲ್ಲಿಸುವುದು, ಉಸುಕು, ಉಸುಕು ಅಂದರೆ ಬಳ್ಳಾರಿಯ ಮೆಕ್ಯಾನಿಕನಿಗೆ ಏನು, ಅದಿರಿನ ಧೂಳು, ಲಾರಿ ಎಬ್ಬಿಸಿದ ಧೂಳು, ನಲವತ್ತು ವರ್ಷ ಪ್ರತಿಯೊಂದು ಕೀಲಿನಿಂದ ಅದನ್ನೇ ತೊಳೆದು ತೊಳೆದು ತೆಗೆದವನಿಗೆ ಏನು, ಸೀಮೆಎಣ್ಣೆ, ವಿಭೂತಿಯ ಬೆರಳಿನಲ್ಲಿ ಇದ್ದದ್ದು ಸೀಮೆಎಣ್ಣೆಯ ವಾಸನೆ. ಅಪ್ಪ. ನಾನು ಸ್ನಾನಕ್ಕೆ ಹೋದಾಗ, ಟ್ಯೂಬ್‌ಲೈಟಿನ ಕೆಳಗೆ, ಪೊರೆಗಣ್ಣನ್ನು ಪೈಪಿಗೆ ತಾಗಿಸಿಕೊಂಡು, ನನ್ನ ಕೆಂಪು ಗೆರೆಗೆ ಸರಿಯಾಗಿ ಕೂಡಿಸಿದ್ದಾನೆ, ಅದರಲ್ಲಿ ತಪ್ಪಿಲ್ಲ, ಒಂದು ಕೂದಲಷ್ಟೂ ತಪ್ಪಿಲ್ಲ, ಪೇಸ್ಟು ಯಾಕೆ ಎಂದು ನಾನು ಹೇಳಿದ್ದರೆ ತಾನೇ ಅವನಿಗೆ ಗೊತ್ತಾಗುವುದು, ನೀ ಬರೇ ಹಿಡ್ಕೋಪಾ ಅಂದೆ, ಹೇಳಲಿಲ್ಲ. ಜೇಬಿನಲ್ಲಿ ಪಾನಾ ಇದೆ, ನಿಲ್ಲಲೇ, ನಿಂತು ಏರಿಸಿ ಬಿಗಿದರೆ ಎರಡು ನಿಮಿಷ, ಗ್ರೀಸಿನ ಮೇಲೆ ಮತ್ತೆ ಎರಡು ಮೈಲಿಗೆ ಕುಸಿಯುತ್ತದೆ, ಇಲ್ಲ, ನಿಲ್ಲುವುದಿಲ್ಲ, ಸಿಟ್ಟು ತೊಡೆಗೆ ಹೋಗಲಿ, ಹೋಗು ಶೈಲಾ.

ಎಷ್ಟಾಗುತ್ತದೋ ಅಷ್ಟು ಕೂತು ತುಳಿದೆ, ಕೋಳೂರಿಗೆ ಬರುವಷ್ಟರಲ್ಲಿ ಮೊಣಕಾಲು ಗಲ್ಲಕ್ಕೆ ಬಂತು, ಇನ್ನು ಕೂರಲಾಗದು, ಇನ್ನೂ ಹನ್ನೊಂದು ಕಿಲೋಮೀಟರ್, ಎದ್ದೆ, ಎದ್ದು ನಿಂತು ತುಳಿದೆ, ಗಾಳಿ ಸೀಳುವ ಸೈಕಲ್ಲಿನ ಮೇಲೆ ಕೇರಿ ಹುಡುಗಿಯ ಹಾಗೆ ನಿಂತುಕೊಂಡು, ಎದೆಗೆಲ್ಲ ಗಾಳಿ ಬಡಿಸಿಕೊಂಡು, ಹೀಗೇ ಅಲ್ಲವೇ ಅಪ್ಪನ ಷಾಪಿನ ಬಾಡಿಗೆ ಸೈಕಲ್ಲು ಕಲಿತದ್ದು, ಸೀಟಿನಲ್ಲಿ ಕೂತರೆ ಪೆಡಲಿಗೆ ಕಾಲು ಎಟುಕುತ್ತಿರಲಿಲ್ಲ, ಕೂರದೇ ಕಲಿತವಳು ನಾನು, ಅಪ್ಪ ಹಿಂದೆ ಸೀಟು ಹಿಡಿದು ಓಡುತ್ತಿದ್ದ, ತುಳಿಯವ್ವಾ, ತುಳಿ, ನಾ ಹಿಡದೀನಿ, ತುಳಿ, ಮೂವತ್ತಮೂರು, ಮೂವತ್ತನಾಲ್ಕು, ಚಕ್ರ ಮತ್ತೆ ಝೂಂ ಅನ್ನುತ್ತಿದೆ, ಮೆಣಸಿನಕಾಯಿ ಕಣ ಬಂತು, ಕಣ್ಣಲ್ಲಿ ನೀರು, ಘಾಟಿಗೆ, ನಿಂತು ಹನ್ನೊಂದು ಕಿಲೋಮೀಟರ್ ಹೊಡೆಯಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ, ಖುಷಿಗೆ ಕೂಗಬೇಕು ಅನ್ನಿಸುತ್ತಿದೆ, ಅಗೋ ಬೇವಿನಮರ, ಅಗೋ ಅಪ್ಪನ ಬಿಳಿ ಲುಂಗಿ, ತುಳಿ, ತುಳಿ, ದಾಟಿದೆ. ಭೀಮರಾಜ ಸರ್ ಗಡಿಯಾರ ನೋಡಿದರು, ನನ್ನ ಮುಖ ನೋಡಲಿಲ್ಲ, ಒಂದು ಗಂಟೆ ಎಂಟು ನಿಮಿಷ ಒಂಬತ್ತು ಸೆಕೆಂಡ್ರಿ ಮೇಡಂ, ಬಾಳ ಹತ್ರ ಬಂದಿದ್ರಿ.

ಒಂಬತ್ತು. ಎಣಿಸಿದರೆ ಒಂಬತ್ತು. ಅಪ್ಪ ನಡೆದು ಬಂದ, ಹ್ಯಾಂಡಲ್ ಹಿಡಿದ, ಸೀಟು ಕುಸಿದದ್ದು ಅವನಿಗೆ ಕಾಣುವುದಿಲ್ಲ, ಏನಾತವ್ವಾ, ಗಾಳಿ ಎದುರಿತ್ತೇನು ಅಂದ. ಬೇವಿನಮರದ ಒಂದು ಎಲೆಯೂ ಅಲುಗುತ್ತಿಲ್ಲ, ಎರಡು ವರ್ಷ ಗಾಳಿಯನ್ನು ಸೋಲಿಸಲೆಂದೇ ಕಟ್ಟಿದ ಸೈಕಲ್ಲು, ಹೌದಪ್ಪ, ಎದುರುಗಾಳಿ ಬಾಳ ಇತ್ತು ಅಂದೆ. ಅವನು ತಲೆಯಾಡಿಸಿದ, ಆಮೇಲೆ ಮೆಲ್ಲಗೆ, ಕಳವು ಒಪ್ಪಿಕೊಳ್ಳುವವನ ಹಾಗೆ, ಬೆಳಿಗ್ಗಿ ಸೀಟ್ ಪೈಪ್ ತಗದು ನೋಡಿದ್ನಿ, ಒಳಗ ಬರೇ ಉಸುಕು, ನಿನಗ ಗೊತ್ತಾಗಿದ್ದಿಲ್ಲ, ತೊಳದು ಗ್ರೀಸ್ ಹಾಕೀನಿ, ಕಿರ್ ಅನ್ನಲಿಲ್ಲ ಹೌದಿಲ್ಲೋ ಅಂದ. ಇಲ್ಲಪ್ಪ, ಒಂದೀಟೂ ಅನ್ನಲಿಲ್ಲ. ಅವನ ಮುಖ ಅರಳಿತು, ಷಾಪು ಮುಚ್ಚಿದ ಮೇಲೆ ಹೀಗೆ ಅರಳಿದ್ದನ್ನು ನಾನು ನೋಡಿಲ್ಲ, ಮುಂದಿನ ಸಲ ಇನ್ನೊಂದೀಟು ಜಾಸ್ತಿ ಹಾಕೂಣು ಅಂದ, ಹೂನಪ್ಪ ಅಂದೆ, ನೀರು ತರಲು ಹೋದ, ಅವನ ಬೆನ್ನು ತಿರುಗಿದ ಕೂಡಲೇ ಸೀಟನ್ನು ಎರಡೂ ಕೈಯಿಂದ ಮೇಲಕ್ಕೆ ಎಳೆದೆ, ಬೆಣ್ಣೆಯೊಳಗಿನಿಂದ ಬಂದ ಹಾಗೆ ಬಂತು, ಒಂದು ಬೆರಳು, ಎರಡು ಬೆರಳು, ಮೂರು, ಕೆಂಪು ಗೆರೆ, ಅದರ ಮೇಲೆಯೇ, ಹೆಚ್ಚಾದ ಗ್ರೀಸನ್ನು ಒಂದೇ ಸಲ ಸರ್ರನೆ ಬಳಿದು ತೆಗೆದ ಜಾಗದಲ್ಲಿ, ಸುಳಿ ಸುಳಿಯಾಗಿ, ಹೆಬ್ಬೆರಳಿನ ಅಚ್ಚು, ಕೆಂಪು ಗೆರೆ, ಅಪ್ಪನ ಹೆಬ್ಬೆರಳು