ಕೊಟ್ರಬಸಪ್ಪ ಮಾಸ್ತರರು ಮಾಡಿದ ಟ್ರ್ಯಾಕು

ಕೊಪ್ಪಳದಲ್ಲಿ ಹಾರ್ಮೋನಿಯಂ ಕಲಿಸುವ ಕೊಟ್ರಬಸಪ್ಪ ಮಾಸ್ತರರಿಗೆ ಯಾರ ಬಗ್ಗೆಯೂ ಹೇಳಿಕೊಳ್ಳುವಂಥ ಗೌರವವಿರಲಿಲ್ಲ. ಸಿನಿಮಾ ಹಾಡುವವರು ಬಾಯಿಬಡುಕರು, ಭಜನೆಯವರು ಗಂಟಲುಹರಕರು, ಟಿ.ವಿ.ಯಲ್ಲಿ ತೀರ್ಪು ಕೊಡುವವರು ಅಳುಬುರುಕರು. ಕಂಪ್ಯೂಟರಿನಲ್ಲಿ ಸಂಗೀತ ಮಾಡುವವರನ್ನು ಬೈಯಲು ತಕ್ಕ ಪದ ಇನ್ನೂ ಸಿಕ್ಕಿರಲಿಲ್ಲವಾಗಿ, ಆ ಮಾತು ಬಂದಾಗ ಮೂಗಿನಿಂದ ಒಮ್ಮೆ ಗಾಳಿ ಬಿಟ್ಟು ಸುಮ್ಮನಾಗುತ್ತಿದ್ದರು. ಅಂಥವರು ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಊರ ಪಕ್ಕದ ಭಾಗ್ಯನಗರದ ಕಲ್ಲೇಶನ ಕೋಣೆಗೆ ಹೋಗಿ ಮೌಸು ಹಿಡಿದು ಕೂರಬೇಕಾಯಿತು.

ಎಲ್ಲಕ್ಕೂ ಕಾರಣ ಒಂದು ಕರಪತ್ರ. ಗಂಗಾವತಿಯಲ್ಲಿ ತತ್ವಪದ ಗಾಯನ ಸ್ಪರ್ಧೆ. ಅದರ ನಾಲ್ಕನೆಯ ನಿಯಮ: ಪಕ್ಕವಾದ್ಯಕ್ಕೆ ಅವಕಾಶವಿಲ್ಲ, ಹಿನ್ನೆಲೆ ಸಂಗೀತದ ಟ್ರ್ಯಾಕನ್ನು ಪೆನ್‌ಡ್ರೈವಿನಲ್ಲಿ ತರತಕ್ಕದ್ದು. ಮಾಸ್ತರರ ಶಿಷ್ಯೆ ಐಶ್ವರ್ಯ ಹೆಸರು ಕೊಟ್ಟಿದ್ದಳು. ಯಲಬುರ್ಗಾದ ಕಿರಾಣಿ ವ್ಯಾಪಾರಿಯ ಮಗಳು, ಕೊಪ್ಪಳದಲ್ಲಿ ಡಿಗ್ರಿ ಓದುತ್ತಿದ್ದಳು. ಆರು ವರ್ಷಗಳಿಂದ ಅವಳು ಎಲ್ಲಿ ಹಾಡಿದರೂ ಎಡಕ್ಕೆ ಮಾಸ್ತರರ ಹಾರ್ಮೋನಿಯಂ ಪೆಟ್ಟಿಗೆ ಇದ್ದೇ ಇರುತ್ತಿತ್ತು.

ಆ ಪೆಟ್ಟಿಗೆಯ ಮಹಿಮೆ ಮಾಸ್ತರರೊಬ್ಬರಿಗೇ ಗೊತ್ತು. ಐಶ್ವರ್ಯಳ ಉಸಿರು ಗಿಡ್ಡ. ಅವಳು ಯಾವಾಗಲೂ ಹಾಡುವ ಭೀಮಪಲಾಸಿ ರಾಗದ ಪದದಲ್ಲಿ ಮೂರು ಕಡೆ ಸಾಲು ಉದ್ದ, ನಡುವೆಯೇ ಅವಳ ದಮ್ಮು ಮುಗಿಯುತ್ತಿತ್ತು. ಆ ಮೂರೂ ಕಡೆ ಮಾಸ್ತರರು ಪೆಟ್ಟಿಗೆಯನ್ನು ಒಂದು ಕೂದಲೆಳೆ ತಡೆದು ನಿಲ್ಲಿಸುತ್ತಿದ್ದರು, ಹುಡುಗಿ ಉಸಿರೆಳೆದುಕೊಳ್ಳುತ್ತಿದ್ದಳು, ಕೇಳುವವರು ಭಾವವೆಂದು ತಿಳಿದು ತಲೆದೂಗುತ್ತಿದ್ದರು. ತಾನು ಪಕ್ಕದಲ್ಲಿ ಇಲ್ಲದಿದ್ದರೆ ಅವಳು ಎರಡನೆಯ ನುಡಿಯಲ್ಲೇ ಮುಗ್ಗರಿಸುತ್ತಾಳೆ ಎಂಬುದರಲ್ಲಿ ಮಾಸ್ತರರಿಗೆ ಅನುಮಾನವಿರಲಿಲ್ಲ. ಅನುಮಾನವಿಲ್ಲದಿದ್ದುದಷ್ಟೇ ಅಲ್ಲ, ಅದರಿಂದ ಒಳಗೊಳಗೇ ಸುಖವೂ ಇತ್ತು. ಪಕ್ಕದಲ್ಲಿ ಕೂರಲು ಬಿಡದಿದ್ದರೆ ಪೆನ್‌ಡ್ರೈವಿನೊಳಗಾದರೂ ಕೂತೇ ತೀರುವುದೆಂದು ಅವರು ಪೆಟ್ಟಿಗೆ ಹೊತ್ತು ಭಾಗ್ಯನಗರಕ್ಕೆ ಹೊರಟರು.

ಕಲ್ಲೇಶ ತನ್ನನ್ನು ಮ್ಯೂಸಿಕ್ ಡೈರೆಕ್ಟರ್ ಎಂದು ಬೋರ್ಡಿನಲ್ಲಿ ಬರೆಸಿಕೊಂಡಿದ್ದ. ಕೋಣೆಯ ನಾಲ್ಕೂ ಗೋಡೆಗೆ, ನರ್ಸರಿಯವರು ಮೆಣಸಿನ ಸಸಿ ಹಾಕುವ ಕಪ್ಪು ಪ್ಲಾಸ್ಟಿಕ್ ಟ್ರೇಗಳನ್ನು ಬಡಿದಿದ್ದ.

"ಇವ್ಯಾಕೋ?"

"ಸೌಂಡು ಒಡೀತಾವ್ರಿ ಸರ್."

"ಮೊದಲ ಸೌಂಡು ಹುಟ್ಟಲಿ. ಒಡಿಯೂದು ಆಮ್ಯಾಲೆ ನೋಡೂಣಂತ."

ಕಲ್ಲೇಶ ಬೇಸರಪಡದೆ ತನ್ನ ರಚನೆಗಳನ್ನು ಕೇಳಿಸಿದ. ನೂರಾ ನಲವತ್ತು ಇದ್ದವು, ಪ್ರತಿಯೊಂದೂ ಅರ್ಧ ನಿಮಿಷ.

"ಮುಂದ?"

"ಮುಂದ ಇಲ್ರಿ. ಇದನ್ನ ತಿರುಗಿಸಿ ತಿರುಗಿಸಿ ಹಾಕಿದ್ರ ಎಷ್ಟ ಹೊತ್ತರ ಆಗತೈತಿ."

"ಗಾಣದ ಎತ್ತಿಗೂ ಹಂಗ ಅನಿಸಿರಬೇಕು," ಎಂದರು ಮಾಸ್ತರರು. "ಎಲ್ಲಾ ಒಂದ ಓಟ ಓಡ್ತಾವಲ್ಲೋ."

"ನಿಮಿಷಕ್ಕ ನೂರಾ ಇಪ್ಪತ್ರಿ ಲಯ. ಸಾಫ್ಟ್‌ವೇರ್ ತೆರದ್ರ ಅದ ಬರತೈತಿ."

"ಬದಲು ಮಾಡಾಕ ಬರಂಗಿಲ್ಲೇನು?"

"ಬರತಿರಬೇಕ್ರಿ. ನಾ ಮಾಡಿಲ್ಲ."

ಎರಡು ವರ್ಷ ಸಂಗೀತ ಮಾಡಿ, ಕಂಪ್ಯೂಟರು ಯಾವ ವೇಗದಲ್ಲಿ ಅಂಗಡಿಯಿಂದ ಬಂತೋ ಅದೇ ವೇಗದಲ್ಲಿ ಬದುಕಿದವನನ್ನು ಮಾಸ್ತರರು ಬಹಳ ಹೊತ್ತು ನೋಡಿದರು. ಅವರಿಗೆ ಖುಷಿಯಾಯಿತು. ಇಷ್ಟು ದಿನ ನೋಡದೇ ತಿರಸ್ಕರಿಸಿದ್ದು ತಪ್ಪಾಗಿರಲಿಲ್ಲ.

ಮೊದಲ ದಿನ ಕಲ್ಲೇಶ ಕಂಪ್ಯೂಟರಿಗೆ ಜೋಡಿಸಿದ ಚಿಕ್ಕ ಸಂಗೀತದ ಕೀಬೋರ್ಡನ್ನು ಮುಂದಿಟ್ಟ. ಮಾಸ್ತರರ ಬಲಗೈ ಅದರ ಕೀಲಿಮನೆಗಳ ಮೇಲೆ ಆಡಿತು, ಎಡಗೈ ಇಲ್ಲದ ತಿದಿಯನ್ನು ಒತ್ತುತ್ತಾ ಗಾಳಿಯಲ್ಲಿ ಹೋಗಿ ಬಂದು ಮಾಡಿತು.

"ಇದಕ್ಕ ಗಾಳಿ ಹಾಕೂದು ಬ್ಯಾಡ್ರಿ ಸರ್."

"ಅದಕ್ಕ ಹೆಣದಂಗ ಐತಿ," ಎಂದು ಅದನ್ನು ಬದಿಗೆ ತಳ್ಳಿ ತಮ್ಮ ಪೆಟ್ಟಿಗೆಯ ಮುಂದೆ ಮೈಕು ಇಡಿಸಿದರು.

ನುಡಿಸಿದ್ದು ಚೆನ್ನಾಗಿಯೇ ಬಂತು. ಆದರೆ ಕಲ್ಲೇಶ ಸಹಾಯ ಮಾಡಲು ಹೋಗಿ ಎಲ್ಲ ಸ್ವರಗಳನ್ನೂ ಎಳೆದೆಳೆದು ಪರದೆಯ ತಾಳದ ಗೆರೆಗಳಿಗೆ ಕೂರಿಸಿದ. ಮೂರೂ ನಿಲುಗಡೆಗಳು ಮುಚ್ಚಿಹೋದವು.

"ತಪ್ಪಿತ್ರಿ ಅಲ್ಲೆ, ಸರಿ ಮಾಡೀನಿ."

"ತಪ್ಪಲ್ಲೋ ಖೋಡಿ, ಮೂವತ್ತು ವರ್ಷದ ವಿದ್ಯಾ ಅದು. ಏಳು ಮ್ಯಾಲೆ. ನಾ ಕೂಡತೀನಿ."

ಕೂತವರು ಮೂರು ವಾರ ಮಧ್ಯಾಹ್ನವೆಲ್ಲ ಕೂತರು. ಕತ್ತರಿಸುವುದು, ಅಂಟಿಸುವುದು, ಬೇಕಾದ ಕಡೆ ಲಯವನ್ನು ಸಡಿಲಿಸುವುದು ಕಲಿತರು. ಇಂಗ್ಲಿಷಿನ ಹತ್ತು-ಹನ್ನೆರಡು ಹೊಸ ಪದಗಳೂ ಜೊತೆಗೆ ಬಂದವು. ಹೊಸದಾಗಿ ಕಲಿತವರೆಲ್ಲ ಮಾಡುವಂತೆ ಮಾಸ್ತರರೂ ಅವನ್ನು ಮಂದಿಯ ಮೇಲೆ ಪ್ರಯೋಗಿಸತೊಡಗಿದರು. ಚಹಾ ತಡವಾದರೆ ಹೋಟೆಲಿನ ರೆಹಮಾನನಿಗೆ, "ನಿನ್ನ ಕಡೆ ಲೇಟೆನ್ಸಿ ಭಾಳ ಆತಲ್ಲೋ," ಅನ್ನುವರು. ರೆಹಮಾನ ಅದನ್ನು ಯಾವುದೋ ಕಾಯಿಲೆಯೆಂದು ತಿಳಿದು, "ನಮ್ಮ ಮನ್ಯಾಗ ಯಾರಿಗೂ ಇಲ್ರಿ," ಅನ್ನುವನು.

ಸ್ಪರ್ಧೆಯ ಹಿಂದಿನ ದಿನ ಟ್ರ್ಯಾಕು ಮುಗಿಯಿತು. ಮೂರೂ ನಿಲುಗಡೆಗಳು ಮೊದಲಿಗಿಂತ ಉದಾರವಾಗಿ ಬಂದಿದ್ದವು. ವೇದಿಕೆಯ ಅಂಜಿಕೆಯಲ್ಲಿ ಹುಡುಗಿಯ ದಮ್ಮು ಇನ್ನಷ್ಟು ಗಿಡ್ಡವಾದೀತೆಂದು ಮಾಸ್ತರರು ಒಂದೊಂದು ಚೂರು ಸೇರಿಸಿದ್ದರು.

ಐಶ್ವರ್ಯ ಪೆನ್‌ಡ್ರೈವು ಇಸಿದುಕೊಂಡು, "ಒಮ್ಮೆ ಹಚ್ಚಿ ಹಾಡಿ ನೋಡ್ಲೇನ್ರಿ ಸರ್?" ಎಂದಳು.

"ಏನು ನೋಡ್ತಿ? ಆರು ವರ್ಷ ನೋಡಿಲ್ಲೇನು? ನಾ ಅದೀನಿ ಅದರಾಗ. ನಿನ್ನ ಕಾಯತೈತಿ ಅದು."

ಗಂಗಾವತಿಯ ಕಲ್ಯಾಣ ಮಂಟಪದಲ್ಲಿ ಮಾಸ್ತರರು ಮೂರನೆಯ ಸಾಲಿನಲ್ಲಿ, ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕೂತಿದ್ದರು. ಮೊದಲು ವೇದಿಕೆಗೆ ಬಂದವರೆಲ್ಲ ಗುಡುಗಿನಂಥ ಟ್ರ್ಯಾಕುಗಳ ಹಿಂದೆ ಬಸ್ಸು ತಪ್ಪಿದವರಂತೆ ಓಡುತ್ತಾ ಹಾಡಿ ಹೋದರು. ಆಮೇಲೆ ಐಶ್ವರ್ಯ. ಮೊದಲ ನುಡಿ ಹಾಲಿನಂತೆ ಇಳಿಯಿತು. ಪಕ್ಕದವರು ತಲೆದೂಗಿದ್ದನ್ನು ಮಾಸ್ತರರು ತಮ್ಮ ಖಾತೆಗೆ ಹಾಕಿಕೊಂಡರು.

ಎರಡನೆಯ ನುಡಿಯ ಉದ್ದನೆಯ ಸಾಲು ಬಂತು. ಟ್ರ್ಯಾಕಿನೊಳಗಿನ ಪೆಟ್ಟಿಗೆ ನಿಂತಿತು. ಐಶ್ವರ್ಯ ನಿಲ್ಲಲಿಲ್ಲ.

ಒಂದೇ ಉಸಿರಿನಲ್ಲಿ ಸಾಲಿನ ತುದಿ ಮುಟ್ಟಿದವಳು ಹಿಂದೆ ಯಾರೂ ಇಲ್ಲವೆಂದು ಗೊತ್ತಾಗಿ, ಕೊನೆಯ ಸ್ವರವನ್ನು ಹಿಡಿದು ಕಾದಳು. ಟ್ರ್ಯಾಕು ನಿಧಾನವಾಗಿ ಬಂದು ಕೂಡಿಕೊಂಡಿತು. ಎರಡನೆಯ ನಿಲುಗಡೆಯಲ್ಲಿ ಮತ್ತೆ ಅದೇ. ಈ ಸಲ ಸಣ್ಣ ಆಲಾಪ ಹಾಕಿ ಜಾಗ ತುಂಬಿದಳು. ಮೂರನೆಯದರಲ್ಲಿ ಬಾಯಿ ಮುಚ್ಚಿ, ಮನೆಯ ಹಿರಿಯರು ಚಪ್ಪಲಿ ಮೆಟ್ಟಿಕೊಳ್ಳುವವರೆಗೆ ಬಾಗಿಲಲ್ಲಿ ಕಾಯುವವರಂತೆ ತಾಳ್ಮೆಯಿಂದ ನಿಂತಳು. ಸಭೆಯಲ್ಲಿ ಯಾರೋ ನಕ್ಕರು.

ತೀರ್ಪುಗಾರರು ಅವಳನ್ನು ಮುಂದಿನ ಸುತ್ತಿಗೆ ಆರಿಸಿದರು. ಅವರಲ್ಲೊಬ್ಬರು ಮೈಕಿನಲ್ಲೇ ಹೇಳಿದರು: "ಹುಡುಗಿ ಭಾಳ ಛಲೋ ಹಾಡ್ಯಾಳ. ಟ್ರ್ಯಾಕ್ ಮಾಡಿದಾವ ಮಾತ್ರ ನಡುವ ನಿದ್ದಿ ಹೋಗ್ಯಾನ."

ಹೊರಗೆ ಬಂದ ಮೇಲೆ ಮಾಸ್ತರರು ಕೇಳಿದರು, "ಉಸಿರು ಯಾವಾಗ ಬೆಳಸೀದಿ?"

"ನಾಕು ತಿಂಗಳಾತ್ರಿ. ಫೋನಿನ್ಯಾಗ ತಾಳದ ಟಿಕ್ ಟಿಕ್ ಹಚ್ಕೊಂಡು ದಿನಾ ದಮ್ಮು ಹಿಡಿಯೂದು ರೂಢಿ ಮಾಡ್ತಿದ್ದೆ. ಹೇಳಿದ್ರ ಬೈತಿದ್ರಿ ನೀವು."

"ಕ್ಲಾಸಿನ್ಯಾಗ ನಿಲ್ತಿದ್ಯಲ್ಲ. ಮೂರೂ ಕಡೆ."

"ನೀವು ನಿಲ್ತಿದ್ರಿ, ಸರ್. ಅದಕ್ಕ ನಾನೂ ನಿಲ್ತಿದ್ದೆ. ವಯಸ್ಸಾತು, ಕೈ ನೋಯ್ತಿರಬೇಕು ಅನ್ಕೊಂಡಿದ್ದೆ."

ಮಾಸ್ತರರ ಮೂಗಿನಿಂದ ಗಾಳಿಯೂ ಬರಲಿಲ್ಲ.

"ಮುಂದಿನ ಸುತ್ತಿಗೆ ಆ ಮೂರು ಜಾಗ ತಗದುಕೊಡ್ತೀರೇನ್ರಿ?"

"ತಗೀತೀನಿ."

ಸೋಮವಾರ ಮಧ್ಯಾಹ್ನ ಭಾಗ್ಯನಗರದಲ್ಲಿ ಅವರು ಮೂರು ನಿಲುಗಡೆಗಳನ್ನೂ ಹುಡುಕಿ, ಕತ್ತರಿಸಿ, ಎರಡೂ ಬದಿಯನ್ನು ಜೋಡಿಸಿದರು. ಇಡಲು ಮೂರು ವಾರ ಹಿಡಿದಿತ್ತು, ತೆಗೆಯಲು ನಾಲ್ಕು ನಿಮಿಷವೂ ಬೇಕಾಗಲಿಲ್ಲ. ಪೆಟ್ಟಿಗೆ ಮೊದಲಿನಿಂದ ಕಡೆಯವರೆಗೆ ಎಲ್ಲೂ ತಡೆಯದೆ ನಡೆಯಿತು.

"ಈಗ ಛಲೋ ಆತ್ ನೋಡ್ರಿ," ಎಂದ ಕಲ್ಲೇಶ, ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳದೆ. ಎರಡು ದಿನಗಳಲ್ಲಿ ಕೇಳಿದ ಮಾತುಗಳಲ್ಲಿ ಮಾಸ್ತರರಿಗೆ ಇದೇ ಹೆಚ್ಚು ಕಹಿಯಾಯಿತು, ಏಕೆಂದರೆ ಅದು ನಿಜವಾಗಿತ್ತು.

"ಐಶ್ವರ್ಯ ನಾಳೆ ಕ್ಲಾಸಿಗೆ ಬರ್ತಾಳಲ್ರಿ, ನೀವ ಕೊಡ್ತೀರೇನು?"

"ಬ್ಯಾಡ. ನೀ ಈಗ ಕಳಿಸು. ಹಚ್ಚಿಕೊಂಡು ರೂಢಿ ಮಾಡ್ಕೊಳ್ಳಲಿ."

"ಫೈಲಿಗೆ ಹೆಸರು ಏನ್ ಇಡ್ಲಿರಿ? ಕೊಟ್ರಬಸಪ್ಪ ಮಾಸ್ತರ್ ಅಂತ ಹಾಕಲಾ?"

"ಐಶ್ವರ್ಯ ಅಂತ ಹಾಕು," ಎಂದರು ಮಾಸ್ತರರು. "ಹಾಡಾಕಿ ಅಕಿ."