ಬಾಗಿಲವರೆಗೆ ಬಾರದ ಬೆಳಕು

ನಮ್ಮ ಮನೆಯ ಹಳೆಯ ಮದುವೆ ಫೋಟೋಗಳಲ್ಲೆಲ್ಲ ಮುಂದಿನ ಸಾಲಿನವರ ಮುಖ ಹಿಟ್ಟು ಮೆತ್ತಿದಂತೆ ಬೆಳ್ಳಗಿರುತ್ತದೆ. ಅವರ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ, ಒಂದು ಕಪ್ಪು ನೆರಳು. ಅದು ನನ್ನ ಅಮ್ಮ. ಅಪ್ಪ ತೀರಿಹೋದ ಮೇಲೆ ಶುಭಕಾರ್ಯಗಳಲ್ಲಿ ಅವಳು ಬಾಗಿಲು ದಾಟಬಾರದೆಂದು ದೊಡ್ಡಪ್ಪ ಸೀತಾಪತಿ ತೀರ್ಮಾನಿಸಿದ್ದರು. ಫ್ಲ್ಯಾಶಿನ ಬೆಳಕು ಅಷ್ಟು ದೂರ ಹೋಗುವುದಿಲ್ಲ. "ಫೋಟೋದಲ್ಲಿ ಅವಳೂ ಇದಾಳಲ್ಲ" ಎಂದು ಎಲ್ಲರೂ ಕೈತೊಳೆದುಕೊಂಡಿದ್ದರು.

ನಾನು ಕ್ಯಾಮೆರಾ ಕಲಿತು ಪುಟ್ಟ ಸ್ಟುಡಿಯೋ ಇಟ್ಟುಕೊಂಡ ಮೇಲೆ ಆ ನೆರಳನ್ನು ನೋಡಿದರೆ ಮೈ ಉರಿಯುತ್ತಿತ್ತು. ತಂಗಿ ವತ್ಸಲೆಯ ಮದುವೆಗೆ ಫೋಟೋ ತೆಗೆಯುವವಳು ನಾನೇ ಎಂದು ಹಟ ಹಿಡಿದೆ. ಮದುವೆ ಮನೆಯಲ್ಲೇ ನಡೆಯಿತು. ಧಾರೆ ಎರೆದವರು ದೊಡ್ಡಪ್ಪ, ದೊಡ್ಡಮ್ಮ. ಹೆತ್ತವಳು ಎಂದಿನಂತೆ ಬಾಗಿಲಲ್ಲಿ ನಿಂತು ನೋಡಿದಳು. ಅದು ಮುಗಿದದ್ದೇ ಕುರ್ಚಿಗಳನ್ನೆಲ್ಲ ಅಂಗಳಕ್ಕೆ ಹಾಕಿಸಿದೆ.

"ಈ ಉರಿಬಿಸಿಲಲ್ಲಿ ಯಾಕಮ್ಮ? ಒಳಗೇ ಫ್ಲ್ಯಾಶ್ ಹಾಕಿ ತೆಗಿ" ಎಂದರು ದೊಡ್ಡಪ್ಪ.

"ಫ್ಲ್ಯಾಶ್ ತಂದಿಲ್ಲ. ಇಲ್ಲಿ ಬೇಕಾದಷ್ಟು ಬೆಳಕಿದೆ, ಎಲ್ಲರಿಗೂ ಬೀಳುತ್ತೆ."

ಗೊಣಗುತ್ತಲೇ ಎಲ್ಲರೂ ಬಂದು ಕುಳಿತರು. ಒಳಗೆ ಯಾರೂ ಉಳಿಯದ್ದರಿಂದ ಅಮ್ಮನೂ ಅಡುಗೆಮನೆ ಬಿಟ್ಟು ತಲೆಬಾಗಿಲವರೆಗೆ ಬಂದಳು, ಆದರೆ ಹೊಸಿಲಿನ ಒಳಗೇ ನಿಂತುಬಿಟ್ಟಳು. ಹೊರಗಿನ ಬಿಸಿಲಿಗೆ ಒಳಗಿನ ಕತ್ತಲೆ ಇನ್ನಷ್ಟು ಕಪ್ಪಾಗಿ ಕಾಣುತ್ತಿತ್ತು. ಮತ್ತೆ ಅದೇ ನೆರಳು.

"ಅಮ್ಮ ಹೊರಗೆ ಬರೋವರೆಗೂ ನಾನು ತೆಗೆಯಲ್ಲ" ಎಂದೆ.

"ಶುಭಕಾರ್ಯ ಕಣೇ ಇದು. ಅವಳು ಅಲ್ಲೇ ಇರ್ಲಿ, ಅಲ್ಲಿಂದಾನೇ ಬೀಳ್ತಾಳೆ ಫೋಟೋಲಿ" ಎಂದು ದೊಡ್ಡಪ್ಪ ಗದರಿದರು.

"ಬೇಡ ಕಣೇ, ನಾನು ಇಲ್ಲೇ ಸರಿಯಾಗಿದೀನಿ" ಎಂದು ಒಳಗಿನಿಂದ ಅಮ್ಮನೂ ಹೇಳಿದಳು. ನನಗೆ ಅಳು ಬಂತು. ಸಿಟ್ಟು ಯಾರ ಮೇಲೆ ಮಾಡಬೇಕೋ ತಿಳಿಯಲಿಲ್ಲ.

ಅಷ್ಟರಲ್ಲಿ ವತ್ಸಲೆ ಎದ್ದಳು. ನೇರ ಬಾಗಿಲ ಕಡೆ ನಡೆದಳು. ಅವಳ ಸೆರಗಿಗೂ ಮದುಮಗನ ಶಲ್ಯಕ್ಕೂ ಗಂಟು ಹಾಕಿತ್ತು. ಅವತ್ತು ಅದನ್ನು ಬಿಚ್ಚುವ ಹಾಗಿಲ್ಲ. ಪಾಪ, ಅವನೂ ಎದ್ದು ಹಿಂದೆಯೇ ಓಡಿದ. ಇಬ್ಬರೂ ಹೊಸಿಲು ದಾಟಿ ಅಮ್ಮನ ಅಕ್ಕಪಕ್ಕ ನಿಂತರು. ಅಂಗಳದ ನಡುವೆ ಎರಡು ಕುರ್ಚಿ ಖಾಲಿ ಉಳಿದವು.

"ಅಕ್ಕಾ, ಇಲ್ಲೇ ತೆಗಿ" ಎಂದಳು ವತ್ಸಲೆ.

ನಾನು ಚೀಲದಿಂದ ಫ್ಲ್ಯಾಶ್ ತೆಗೆದು ಕ್ಯಾಮೆರಾಕ್ಕೆ ಸಿಕ್ಕಿಸಿದೆ.

"ತಂದಿಲ್ಲ ಅಂದ್ಯಲ್ಲೇ!" ದೊಡ್ಡಪ್ಪನ ದನಿ ಏರಿತು.

"ನಿಮಗೆ ಅಂತ ತಂದಿಲ್ಲ, ದೊಡ್ಡಪ್ಪ."

ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಹೇಳತೀರದಷ್ಟು ಖುಷಿಯಾಯಿತು. ಎಲ್ಲರಿಗೂ ಬೆನ್ನು ಹಾಕಿ ಹೊಸಿಲಿನ ಹತ್ತಿರಕ್ಕೆ ಹೋಗಿ ಗುಂಡಿ ಒತ್ತಿದೆ. ಅಷ್ಟು ಹತ್ತಿರದ ಬೆಳಕು ಕಂಡು ಗೊತ್ತಿಲ್ಲದ ಅಮ್ಮ ಬೆಚ್ಚಿ ಕಣ್ಣು ಮುಚ್ಚಿಬಿಟ್ಟಳು.

"ಆಯ್ತಲ್ಲ, ಇನ್ನಾದ್ರೂ ಬಂದು ಕೂತ್ಕೊಳ್ಳಿ" ಎಂದು ದೊಡ್ಡಪ್ಪ ಹಿಂದಿನಿಂದ ಕೂಗಿದರು.

ಅಮ್ಮ ಅವರ ಕಡೆ ತಿರುಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು. ಬಾಗಿಲ ಚೌಕಟ್ಟು ಹಿಡಿದಿದ್ದ ಕೈ ಬಿಟ್ಟು ನೆಟ್ಟಗೆ ನಿಂತಳು.

"ಕಣ್ಣು ಮುಚ್ಚಿಬಿಟ್ಟೆ ಕಣೇ, ಇನ್ನೊಂದು ತೆಗಿ" ಎಂದಳು.